ಓಗೊಡುವವರ ಸಂಘ

ಮೊದಲ ಸಭೆಗೆ ಒಂಬತ್ತು ಜನ, ಒಂದು ನಾಯಿ.
ಮುಚ್ಚಿಹೋದ ಶಾಲೆಯ ಅಡುಗೆಕೋಣೆ, ಸೌದೆ ಒಲೆ,
ಒಲೆಯ ಮೇಲೆ ಆವಿಯಾಡುವ ಯಾರದೋ ಉಣ್ಣೆಯ ಕಾಲುಚೀಲ.
ಅಕ್ಷರ ದುಂಡಗಿದೆ ಎಂಬ ಒಂದೇ ತಪ್ಪಿಗೆ
ನನ್ನನ್ನು ಕಾರ್ಯದರ್ಶಿ ಮಾಡಿದರು.

ಬರೆದುಕೊಂಡೆ:
ಚಿಲೊಯೆಯ ಪೂರ್ವಕ್ಕೆ, ನಕ್ಷೆಯಲ್ಲಿ ಸಾಸಿವೆಯಷ್ಟು ನಮ್ಮ ದ್ವೀಪ.
ಫೋನಿನ ಕಂಬ ಆಚೆ ದಡದಲ್ಲಿ.
ಉತ್ತರದ ಗಾಳಿ ಎದ್ದರೆ ಅದೂ ಕಣ್ಣು ಮುಚ್ಚುತ್ತದೆ.
ಎರ್ಮಿಂದಳ ಅಂಗಡಿಗೆ ಬಂದಿವೆ ಹಳದಿ ವಾಕಿಟಾಕಿಗಳು;
ಕಂತಿನಲ್ಲಿ ಕೊಡಬಹುದು, ಆಲೂಗಡ್ಡೆಯಲ್ಲೂ.

ಸಾಲ್ಮನ್ ಬಲೆಗಳಡಿ ಮುಳುಗುವ ಕಾನ್ಸ್ತಾನ್ಸಿಯೋ ಎದ್ದು ನಿಂತ:
‘ದೊಡ್ಡ ರೇಡಿಯೋದವರು ಪರೀಕ್ಷೆ ಬರೆಯುತ್ತಾರೆ,
ಭೂಮಿಯ ಆ ತುದಿಯವರ ಜೊತೆ ಮಾತಾಡುತ್ತಾರೆ.
ನನಗೆ ಆ ತುದಿ ಯಾಕೆ?
ಮನೆಯಲ್ಲಿ ಬ್ರೆಡ್ಡು ಬೆಂದಿದೆಯೋ ಇಲ್ಲವೋ, ಅಷ್ಟು ತಿಳಿದರೆ ಸಾಕು.’
ಅದೇ ನಮ್ಮ ಧ್ಯೇಯವಾಕ್ಯವಾಯಿತು.

ಹೆಸರಿಗಾಗಿ ಒಂದು ತಾಸು ಜಗಳ.
ಪುಸ್ತಕದಲ್ಲಿ ಜಾಗ ಬಿಟ್ಟೆ; ಇನ್ನೂ ಖಾಲಿಯೇ ಇದೆ.
ಮೇಲೆ ಬರೆದದ್ದು ನಾನೊಬ್ಬಳೇ ಇಟ್ಟುಕೊಂಡ ಹೆಸರು.

ಆಮೇಲೆ ಪಾಠ.
ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ನೀನು ಕಿವುಡ.
ಮಾತು ಮುಗಿದರೆ ‘ಕಾಂಬಿಯೋ’ ಅನ್ನು, ಬೆರಳು ತೆಗೆ.
ಕಾಂಬಿಯೋ ಅಂದರೆ ಬದಲಾವಣೆ. ನನ್ನ ಸರದಿ ಹೋಯಿತು, ನಿನ್ನದು ಬಂತು.
ಎಂಬತ್ತರ ತ್ರಾನ್ಸಿತೋ ಅಜ್ಜಿ ಗುಂಡಿ ಒತ್ತಿದವಳು
ಮಂಡಿನೋವು, ಕೋಳಿಯ ಕಾವು, ತೀರಿಕೊಂಡ ಗಂಡನ ಗೊರಕೆ ಎಂದು
ಏಳು ನಿಮಿಷ ಬೆರಳು ತೆಗೆಯಲಿಲ್ಲ.
‘ಜನ್ಮದಲ್ಲಿ ಮೊದಲ ಸಲ ಯಾರೂ ನಡುವೆ ಬಾಯಿ ಹಾಕಲಿಲ್ಲ’ ಅಂದಳು.
ಕಾಂಬಿಯೋ ಮಾತ್ರ ಮರೆತಳು.

ರಾತ್ರಿ ಎಂಟಕ್ಕೆ, ಆರನೇ ಚಾನೆಲ್ಲಿನಲ್ಲಿ, ಹಾಜರಿ.
ನಾನು ಕೂಗುತ್ತೇನೆ, ಅವರು ಓ ಅನ್ನುತ್ತಾರೆ.
ಒಬ್ಬರ ಹಿಂದೆ ಕೆಟಲು ಕುದಿಯುತ್ತದೆ, ಒಬ್ಬರ ಹಿಂದೆ ಕೂಸು.
ಉತ್ತರದ ಮೂಲೆಯಲ್ಲಿ ದೋಣಿ ಕಟ್ಟುವ ಬೆಲಾರ್ಮಿನೋ ಮಾತ್ರ
ಮಾತಾಡುವುದಿಲ್ಲ. ಎರಡು ಸಲ ಗುಂಡಿ ಒತ್ತುತ್ತಾನೆ.
ಟಿಕ್. ಟಿಕ್.
ಇದು ಹಾಜರಿಯೇ ಎಂದು ಎರಡನೇ ಸಭೆಯಲ್ಲಿ ಚರ್ಚೆ.
ನಿಯಮ ನಿಯಮವೇ ಎಂದ ಕಾನ್ಸ್ತಾನ್ಸಿಯೋ.
‘ಬಾಗಿಲು ತಟ್ಟುವವನೂ ಮಾತಾಡುವುದಿಲ್ಲ,’ ಅಂದಳು ಅಜ್ಜಿ,
‘ಒಳಗೆ ಕರೆಯುವುದಿಲ್ಲವೇ?’
ಏಳಕ್ಕೆ ಎರಡು. ಠರಾವು ಪಾಸು.

ಜೂನ್ ತಿಂಗಳ ಒಂದು ರಾತ್ರಿ ಆ ಟಿಕ್ ಬರಲಿಲ್ಲ.
ಮೂರು ಸಲ ಕೂಗಿದೆ. ಬರೀ ಸರಸರ ಸದ್ದು.
‘ಗೈರು’ ಎಂದು ಬರೆಯಲು ಕೈ ಏಳಲಿಲ್ಲ.
ಬೂಟು ಹಾಕಿದೆ, ಲಾಟೀನು ಹಿಡಿದೆ.
ಮುಕ್ಕಾಲು ತಾಸು ಕೆಸರು, ಎರಡು ಬೇಲಿ,
ನನ್ನನ್ನು ನೋಡಿ ಎದ್ದು ನಿಂತ ಒಂದು ಕುರಿ.

ಅರ್ಧ ಕಟ್ಟಿದ ದೋಣಿಯ ಪಕ್ಕೆಲುಬುಗಳ ನಡುವೆ ಕೂತಿದ್ದ,
ಸ್ಟೂಲಿನ ಮೇಲೆ, ರೇಡಿಯೋ ಎರಡೂ ಕೈಯಲ್ಲಿ.
ಅದರ ಪುಟ್ಟ ಕೆಂಪು ದೀಪ ಸತ್ತಿತ್ತು.
ಎರ್ಮಿಂದಳ ಹತ್ತಿರ ಸೆಲ್ಲಿಲ್ಲ, ದೋಣಿ ಬರುವುದು ಗುರುವಾರ.
‘ಎಂಟು ಗಂಟೆಯಿಂದ ಒತ್ತುತ್ತಲೇ ಇದ್ದೇನೆ’ ಅಂದ.
ಅವನ ದನಿ ಹೀಗಿದೆ ಎಂದು ನನಗೆ ಗೊತ್ತಿರಲಿಲ್ಲ,
ಉಪ್ಪುಕಾಗದ ತಿಕ್ಕಿದ ಹಾಗೆ, ಮೆಲ್ಲಗೆ.

ನನ್ನದರಿಂದ ನಾಲ್ಕು ಸೆಲ್ಲು ಬಿಚ್ಚಿ ಅವನದಕ್ಕೆ ಹಾಕಿದೆ.
ಚಹಾ ಕೊಟ್ಟ. ಸಕ್ಕರೆ ಜಾಸ್ತಿ.
ಮತ್ತೆ ಮಾತಾಡಲಿಲ್ಲ, ನಾನೂ ಕೇಳಲಿಲ್ಲ.

ಮರುದಿನ ರಾತ್ರಿ ಎಂಟು.
ಮೇಜಿನ ಮೇಲೆ ರೇಡಿಯೋ, ಸೋಪಿನ ಬಿಲ್ಲೆಯ ಹಾಗೆ ಸುಮ್ಮನೆ.
ಈ ಹೊತ್ತಿಗೆ ಒಂಬತ್ತು ಮನೆಗಳಲ್ಲಿ ಒಂಬತ್ತು ಕಿವಿ.
ನಾನು ಕೂಗದೆ ಅವರು ಓ ಅನ್ನುವುದಾದರೂ ಹೇಗೆ?
ಪುಸ್ತಕ ತೆರೆದೆ. ಆಗ ಕಂಡಿತು:
ಹೆಸರುಗಳ ಪಟ್ಟಿಯಲ್ಲಿ ನನ್ನ ಹೆಸರೇ ಇಲ್ಲ.
ಕೂಗುವವಳನ್ನು ಯಾರು ಕೂಗುತ್ತಾರೆ ಎಂದು
ಯಾವ ಸಭೆಯಲ್ಲೂ ಚರ್ಚೆಗೆ ಬಂದಿರಲಿಲ್ಲ.
ಕೊನೆಯ ಸಾಲಿನಲ್ಲಿ ದುಂಡಗೆ ಬರೆದೆ: ಒತೀಲಿಯ.
ಮುಂದೆ ಏನು ಬರೆಯಲಿ ಎಂದು ಪೆನ್ನು ಹಿಡಿದು ಕೂತೆ.

ಎಂಟೂ ಇಪ್ಪತ್ತಕ್ಕೆ ಕೆಳಗಿನ ದಾರಿಯಲ್ಲಿ
ಕೆಸರಿನಿಂದ ಬೂಟು ಕೀಳುವ ಸದ್ದು.
ಒಬ್ಬರದಲ್ಲ. ಆ ನಾಯಿಯೂ ಇತ್ತು.