ಮೂರು ಮೀಟರು

ಮೇಜಿನ ಕೆಳಖಾನೆಯಲ್ಲಿ ಇದ್ದವು ಹಾಳೆಗಳು,
ಜೆರಾಕ್ಸಿನ ಜೆರಾಕ್ಸು, ಅಂಚಿಗೆಲ್ಲ ಕಪ್ಪು ಮಸಿ,
ಮಿರಜಿನ ಕಾಲೇಜಿನಲ್ಲಿ ನಾನು ಬಾಯಿಪಾಠ ಮಾಡಿದ್ದವೇ:
ಸಮತೋಲಕ್ಕೆ ಐವತ್ತಾರು ಅಂಕ,
ಮುಷ್ಟಿಯ ಬಿಗಿತಕ್ಕೆ ಕಿಲೋ,
ಕುರ್ಚಿಯಿಂದೆದ್ದು ಮೂರು ಮೀಟರು ನಡೆದು
ತಿರುಗಿ ಬಂದು ಕೂಡುವುದಕ್ಕೆ ಸೆಕೆಂಡು.
ಆರು ವರ್ಷ ಅವುಗಳ ಮೇಲೆ
ನನ್ನ ಊಟದ ಡಬ್ಬಿ ಇಡುತ್ತಿದ್ದೆ.

ಅಕ್ಕಲಕೋಟೆಯ ಈ ಆಸ್ಪತ್ರೆಯಲ್ಲಿ
ಸೋಮವಾರ ಅಂದರೆ ಮೂವತ್ತೆಂಟು ಚೀಟಿ.
ಕಿಟಕಿಯಲ್ಲಿ ಮರಾಠಿ, ಬೆಂಚಿನ ಮೇಲೆ ಕನ್ನಡ,
ನೋವು ಏರಿದರೆ ಎಲ್ಲರೂ ಯವ್ವಾ.
ಯಾರನ್ನು ಅಳೆಯುತ್ತ ಕೂಡಲಿ?
ನೋಡಿದರೆ ತಿಳಿಯುತ್ತದೆ, ಅನ್ನುತ್ತಿದ್ದೆ.
ರಜಿಸ್ಟರಿನಲ್ಲಿ ಒಂದೇ ಮಾತು, ಮೇಲಿಂದ ಕೆಳತನಕ:
ಸುಧಾರಣೆ ಇದೆ. ಸುಧಾರಣೆ ಇದೆ.
ಅದೂ ಬೇಸರವಾದ ದಿನ ಬರೀ ಎರಡು ಗೀಟು.

ರೇವಪ್ಪ ಬಿರಾಜದಾರ, ಅರವತ್ತೊಂದು,
ಸೊಲ್ಲಾಪುರದ ಚಾದರ ಕಾರಖಾನೆಯಲ್ಲಿ ಜಾಬರ್,
ಎಡಗಡೆ ಲಕ್ವ ಹೊಡೆದು ಐದು ತಿಂಗಳು.
ಬರುವಾಗ ಕಾಗದದಲ್ಲಿ ಶೇಂಗಾ ಹಿಂಡಿ ಕಟ್ಟಿ ತರುತ್ತಿದ್ದ,
ಕಂಡಕ್ಟರನ ದನಿ ತೆಗೆದು ಬೆಂಚನ್ನೆಲ್ಲ ನಗಿಸುತ್ತಿದ್ದ.
'ಹೆಂಗದೀರಿ ಕಾಕಾ?' ಅಂದರೆ
'ಫಸ್ಟ್ ಕ್ಲಾಸ್ ಬಾಯಿ, ನಿಮ್ಮ ಕೈ ತಾಗಿದ ಮ್ಯಾಲೆ ಏನ್ ಕಡಿಮಿ!'
ನಾನು ಹಿಗ್ಗಿ ಬರೆಯುತ್ತಿದ್ದೆ: ಸುಧಾರಣೆ ಇದೆ.

ಶ್ರಾವಣದಲ್ಲಿ ತರಬೇತಿಗೆ ಹುಡುಗಿಯೊಬ್ಬಳು ಬಂದಳು,
ಪೂರ್ವಾ ಘೋಂಗಡೆ. ಚೀಲದಲ್ಲಿ ಟೇಪು, ಕೆಂಪು ಅಂಟುಪಟ್ಟಿ.
ನನ್ನನ್ನು ಕೇಳದೆಯೇ ನೆಲಕ್ಕೆ ಗೆರೆ ಅಂಟಿಸಿ
ರೇವಪ್ಪನನ್ನು ಕೂಡಿಸಿ, 'ಹೂಂ, ಏಳ್ರಿ' ಅಂದಳು.
ಫೋನಿನಲ್ಲಿ ಅಂಕಿ ಓಡಿತು.
ಇಪ್ಪತ್ನಾಲ್ಕು.
ಹಳೆಯ ಕೇಸ್‌ಪೇಪರು ತೆಗೆದಳು;
ಸೊಲ್ಲಾಪುರದ ದೊಡ್ಡ ಆಸ್ಪತ್ರೆಯವರು ಮನೆಗೆ ಕಳಿಸುವ ದಿನ
ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದಿದ್ದರು:
ಹತ್ತೊಂಬತ್ತು.

ಕುರ್ಚಿ ಬೇರೆ ಇದ್ದೀತು, ಅಂದೆ.
ಚಪ್ಪಲಿ ಸವೆದಿದೆ, ಅಂದೆ.
ಸೋಮವಾರ, ಉಪವಾಸ ಇರಬೇಕು, ಅಂದೆ.
ಹುಡುಗಿ ಏನೂ ಅನ್ನಲಿಲ್ಲ. ಮತ್ತೊಮ್ಮೆ ನಡೆಸಿದಳು.
ಇಪ್ಪತ್ನಾಲ್ಕೂವರೆ.

ರೇವಪ್ಪ ಕುರ್ಚಿಯ ಕೈ ಹಿಡಿದು ಕೂತೇ ಇದ್ದ.
ಆಮೇಲೆ, ನನಗಲ್ಲ, ನೆಲದ ಕೆಂಪು ಗೆರೆಗೆ ಹೇಳಿದ:
'ಎರಡ ಸಲ ಬಿದ್ದೀನ್ರಿ, ಬಚ್ಚಲದಾಗ.
ಅವತ್ತಿಂದ ಹೆಜ್ಜಿ ಇಡಾಕ ಅಂಜಿಕಿ.
ಹೇಳಿದ್ರ ನಿಮಗ ಕೆಟ್ಟ ಅನಸ್ತಿತ್ತು ಬಾಯಿ,
ಇಷ್ಟ ಕಷ್ಟಪಡ್ತೀರಿ.'

ನನ್ನ ಸಮಾಧಾನಕ್ಕಾಗಿ ಒಬ್ಬ ಮನುಷ್ಯ
ಒಂಬತ್ತು ವಾರ ಗುಣವಾಗುತ್ತಿದ್ದ.

ನನ್ನ ಮೋರೆ ನೋಡಿ ಅವನೇ ಹೇಳಿದ,
ಮಗ್ಗದ ಗದ್ದಲದಲ್ಲಿ ರೂಢಿಯಾದ ದೊಡ್ಡ ದನಿಯಲ್ಲಿ:
'ನಾ ನೇಯ್ದದ್ದು ನನ್ನ ಕಣ್ಣಿಗೆ ಯಾವಾಗ್ಲೂ ಚಲೋನೇ ಕಾಣತದ.
ಅದಕ್ಕ ಪಾಸ್ ಮಾಡಾಂವ ಬ್ಯಾರೆ ಇರ್ತಾನ.
ಭಿಂಗದ ಗಾಜು ಹಚ್ಚಿ, ಇಂಚಿಗೆ ಎಷ್ಟ ಎಳಿ, ಎಣಿಸ್ತಾನ.
ಎಣಿಸಾಂವ ವೈರಿ ಅಲ್ರಿ.
ಚಾದರ ಹೊದ್ದಕೊಳ್ಳಾಂವನ ಕಡಿಯಾಂವ.'

ಈಗ ಅಳೆಯುತ್ತೇನೆ. ದಿನಾ ಆಗುವುದಿಲ್ಲ;
ಮೊದಲ ದಿನ, ನಾಲ್ಕನೇ ವಾರ, ಬಿಡುವ ದಿನ.
ಡಬ್ಬಿ ಕಿಟಕಿಗೆ ಹೋಗಿದೆ.
ಹಾಳೆಗಳೂ ಪೂರ್ತಿ ಸಾಚಾ ಅಲ್ಲ.
ಕೀಲಿ ತಿರುಗಿಸಬಲ್ಲಿರಾ ಎಂದು ಕೇಳುತ್ತದೆ ಒಂದು,
ಬಾಗಿಲಿಗೆ ಹಳೆ ಸೀರೆ ಕಟ್ಟಿಕೊಂಡವಳನ್ನು.
ರೊಟ್ಟಿ ಬಡಿಯುವುದಕ್ಕೆ ಯಾವ ಖಾನೆಯೂ ಇಲ್ಲ.
ಭಾಗೀರಥಿಬಾಯಿಯ ಭುಜ ನೂರಾಹತ್ತು ಡಿಗ್ರಿಗೆ ಬಂದು ನಿಂತಿತು,
ಅವಳ ಹಿಟ್ಟಿನ ಡಬ್ಬಿಯ ಹಲಗೆ ಅದಕ್ಕಿಂತ ಗೇಣು ಮೇಲೆ.
ಅದನ್ನು ಅಂಚಿನಲ್ಲಿ ಬರೆದೆ, ಕಪ್ಪು ಮಸಿಯ ಪಕ್ಕ.

ಕಳೆದ ವಾರ ರೇವಪ್ಪ ಇಪ್ಪತ್ತೆರಡು.
ಬಚ್ಚಲಿಗೆ ಮಗ ಹಿಡಿಕೆ ಜಡಿಸಿದ್ದಾನೆ.
ಕೂತು ದಮ್ಮು ತಿರುಗಿಸಿಕೊಂಡು ಕೇಳಿದ,
'ನಿಮ್ಮದೆಷ್ಟ ಬಾಯಿ?'
ನಾನು ಕೂತೆ. ಫೋನು ಅವನ ಬಲಗೈಯಲ್ಲಿ.
ಎದ್ದೆ, ಗೆರೆ ತನಕ ಹೋದೆ, ತಿರುಗಿದೆ.
ಬೆಂಚಿನವರೆಲ್ಲ ನೋಡುತ್ತಿದ್ದರು.
'ಒಂಬತ್ತು,' ಅಂದ. ಮತ್ತೆ ಕಣ್ಣು ಕಿರಿದು ಮಾಡಿ,
'ಬಲಗಾಲ ಎಳೀತದ ನಿಮ್ಮದು. ಬರಕೋರಿ.'