ಮೇಲಿನಿಂದ ಕೆಳಕ್ಕೆ

ಟಾರ್ಟುವಿನಲ್ಲಿ ಫೆಬ್ರವರಿ. ನದಿಯ ಮೇಲೆ
ಜನ ನಾಯಿ ಹಿಡಿದು ನಡೆಯುತ್ತಾರೆ.
ನೆಲಮಾಳಿಗೆಯಲ್ಲಿ ಮಾತ್ರ ಸೆಕೆ:
ಒಂದೇ ಯಂತ್ರ, ಅರವತ್ತನಾಲ್ಕು ಕೋರು,
ನೂರಾ ಹನ್ನೊಂದು ಮಂದಿ ಬಳಕೆದಾರರು,
ಮತ್ತೆ ನಾನು, ಉರ್ವೆ, ಸ್ವೆಟರ್ ಕಳಚಿ ಕೂತವಳು.

ನಿನ್ನೆ ರಾತ್ರಿ ತಾವೆಟ್ ಎಂಬ ಹುಡುಗ
ಕಾಡಿನ ಹಕ್ಕಿಗಳ ಕೂಗನ್ನೆಲ್ಲ
ಒಂದೇ ಏಟಿಗೆ ಬಿಡಿಸಿ ನೋಡಲು ಹೋಗಿ
ಇಡೀ ಮೆಮೊರಿ ನುಂಗಿದ.
ತಪ್ಪು ಅವನದಲ್ಲ. ಹಾಸಿಗೆ ಎಷ್ಟುದ್ದ ಎಂದು
ಯಾರೂ ಹೇಳದೆ ಹೋದರೆ
ಕಾಲು ಚಾಚದವರು ಯಾರು?
ಆದರೆ ಪ್ರೊಫೆಸರ್ ವೈಕೆಯವರ
ಮೂರು ವಾರದ ಲೆಕ್ಕ ಬೂದಿಯಾಯಿತು.
ಅವರು ಕೂಗಾಡಲಿಲ್ಲ. ಬಂದು,
ಮೇಜಿನ ಮೇಲೆ ಕರಿ ಬ್ರೆಡ್ಡಿನ ಒಂದು ತುಂಡು ಇಟ್ಟು
ಊಟ ಆಯಿತೇ ಎಂದು ಕೇಳಿ ಹೋದರು.
ಕೂಗಾಡಿದ್ದರೆ ವಾಸಿಯಿತ್ತು.

ಅದಕ್ಕೇ ಈ ರಾತ್ರಿ ನಿಯಮ ಬರೆಯುತ್ತಿದ್ದೇನೆ.
ಸಾಲಿಗೊಂದು ನಿಯಮ, ನಿಯಮಕ್ಕೆ ಮೂರೇ ಮಾತು:
ಯಾರು, ಯಾವುದರಲ್ಲಿ ಪಾಲು, ಎಲ್ಲಿ ಕೂರಬೇಕು.
ಗುಂಪಾದರೆ ಹೆಸರಿನ ಮುಂದೆ ಒಂದು ಸುರುಳಿ.
ಬಾಗಿಲಲ್ಲಿ ಒಬ್ಬ ಡೀಮನ್ ಕೂತಿರುತ್ತಾನೆ,
ದೆವ್ವವೂ ಅಲ್ಲ, ದ್ವಾರಪಾಲಕನೂ ಅಲ್ಲ,
ಪಂಕ್ತಿಯಲ್ಲಿ ಜಾಗ ತೋರಿಸುವವನ ಹಾಗೆ.
ಹುಟ್ಟಿದ ಪ್ರತಿ ಪ್ರಕ್ರಿಯೆಗೂ
ನೀನು ಯಾರ ಪೈಕಿ ಎಂದು ಕೇಳಿ
ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತಾನೆ;
ಮೊದಲು ತಾಳೆಯಾದ ಸಾಲಿನಲ್ಲೇ ನಿಂತುಬಿಡುತ್ತಾನೆ.
ಕೆಳಗೆ ಅದಕ್ಕಿಂತ ಒಳ್ಳೆಯದಿದ್ದರೂ
ಅಲ್ಲಿಯವರೆಗೆ ಹೋಗುವುದೇ ಇಲ್ಲ.
(ನನ್ನ ಮೊದಲ ಮದುವೆಯೂ ಹೀಗೇ ಆಯಿತು. ಇರಲಿ.)

ಎರಡು ಗಂಟೆ. ನಿದ್ದೆಗಣ್ಣು.
ನಕ್ಷತ್ರದ ಗುರುತಿನ ಸಾಲು,
ಉಳಿದವರೆಲ್ಲ ಎಂದು ಅದರ ಅರ್ಥ,
ತಳದಲ್ಲಿರಬೇಕಾದ್ದು
ನನ್ನ ಕೈ ಜಾರಿ ತಲೆಯ ಮೇಲೆ ಕೂತಿತು.
ಹದಿನೇಳು ನಿಮಿಷ
ವೈಕೆ, ತಾವೆಟ್, ಕುಲಪತಿಯ ಕಚೇರಿಯ ಸಂಬಳದ ಲೆಕ್ಕ
ಯಾರೂ ಯಾರೂ ಅಲ್ಲ, ಎಲ್ಲರೂ ಉಳಿದವರೆಲ್ಲ;
ಒಂದೇ ಕಿರಿದು ಬೆಂಚು, ಮೊಣಕೈಗೆ ಮೊಣಕೈ.
ಸಮಾನತೆ ಅಂದರೆ ಇದೇ ಏನೋ ಅಂದುಕೊಂಡೆ.
ಅಲ್ಲ, ಬರೀ ಇಕ್ಕಟ್ಟು.
ಸಾಲನ್ನು ಕೆಳಗಿಳಿಸಿದೆ.

ಒಬ್ಬೊಬ್ಬರೇ ಎದ್ದು ತಮ್ಮ ತಮ್ಮ ಜಾಗಕ್ಕೆ ಹೋದ ಮೇಲೆ
ಬೆಂಚಿನ ಮೂಲೆಯಲ್ಲಿ ಒಂದು ಹೆಸರು ಉಳಿಯಿತು:
ಹಿಲ್ಲಾರ್.

ಹಿಲ್ಲಾರ್ ತೀರಿಕೊಂಡು ನಾಲ್ಕು ಚಳಿಗಾಲ.
ಖಾತೆ ಮುಚ್ಚಬೇಕೆಂದು ಯಾರಿಗೂ ನೆನಪಿರಲಿಲ್ಲ.
ನನಗಿತ್ತು. ಮುಚ್ಚಲಿಲ್ಲ.
ದಿನಾ ಮೂರಕ್ಕೆ ಅವನ ಪುಟ್ಟ ಪ್ರೋಗ್ರಾಂ ಎದ್ದು
ಸೇತುವೆಯ ಕೆಳಗಿನ ಅಳತೆಗೋಲನ್ನು ಕೇಳುತ್ತದೆ,
ಮಂಜುಗಡ್ಡೆ ಎಷ್ಟು ದಪ್ಪ?
ಒಂದು ಅಂಕಿ ಗೀಚಿ ಮತ್ತೆ ಮಲಗುತ್ತದೆ.
ನಗರಸಭೆಯವರು ತಮ್ಮದೇ ಬೈರಿಗೆ ತಂದು ಕೊರೆದು ನೋಡುತ್ತಾರೆ;
ಅವನ ಅಂಕಿ ಯಾರಿಗೂ ಬೇಡ.
ಬೆಳಿಗ್ಗೆ ನಾಯಿ ಹಿಡಿದು ಇಳಿಯುವ ಮುಂಚೆ
ನೋಡುವವಳು ನಾನೊಬ್ಬಳೇ.

ನಿನ್ನೆಯ ಜಾಗ ಖಾಲಿ.
ಹಕ್ಕಿಗಳ ಗದ್ದಲದಲ್ಲಿ ಮೊದಲು ಸತ್ತದ್ದು ಅದೇ.
ನಾನು ಬೆಳಿಗ್ಗೆ ನೋಡದೆಯೇ ಇಳಿದಿದ್ದೆ.

ಎಲ್ಲಕ್ಕೂ ಮೇಲೆ, ತಾವೆಟನಿಗಿಂತ, ವೈಕೆಗಿಂತ ಮೇಲೆ
ಒಂದು ಸಾಲು ಬರೆದೆ:
ಹಿಲ್ಲಾರ್, ಆ ಒಂದೇ ಪ್ರೋಗ್ರಾಂ, ಚಿಟಿಕೆಯಷ್ಟು ಪಾಲು,
ಯಾರೂ ಕಸಿಯಲಾಗದಂಥದ್ದು.
ಅದರ ಪಕ್ಕದಲ್ಲಿ, ಡೀಮನ್ ಓದದ ಕಡೆ,
ನನ್ನ ನಂತರ ಈ ಕುರ್ಚಿಯಲ್ಲಿ ಕೂರುವವರಿಗೆ:
ಇದು ನದಿ. ಅಳಿಸಬೇಡಿ.

ಮೂರು ಗಂಟೆ ಒಂದು ಸೆಕೆಂಡು.
ಮೂವತ್ತೊಂದು ಸೆಂಟಿಮೀಟರ್.
ಬ್ರೆಡ್ಡು ಗಟ್ಟಿಯಾಗಿತ್ತು, ಚಹಾದಲ್ಲಿ ಅದ್ದಿ ತಿಂದೆ.