ಹತ್ತಿಂಚು

ಕೌಲ್ ಬಜಾರಿನ ಸಂದಿಯೊಳಗೆ ಶೇಕ್ಷಾವಲಿಯ ಅಂಗಡಿ.
ಗೋಡೆ ತುಂಬ ಬಾಯಿ ತೆರೆದು ಕೂತ ಕಪ್ಪು ತಟ್ಟೆಗಳು:
ಎಂಟಿಂಚು, ಹತ್ತಿಂಚು, ಹನ್ನೆರಡು.
ಅಟ್ಟದ ಮೇಲೆ ಧೂಳು ಹೊದ್ದು ಹದಿನೈದರದೊಂದು,
ಹೆಣ್ಣು ಸಿಗದ ದೊಡ್ಡಣ್ಣನ ಹಾಗೆ.

‘ದೊಡ್ಡದೇ ಕೊಡಪ್ಪ’ ಅಂದೆ.
ಐದು ವರ್ಷ ಚೀಟಿ ಕಟ್ಟಿ ಕೊಂಡ ಹಳೇ ಕಾರು;
ದೊಡ್ಡದನ್ನು ಕೇಳುವ ಹಕ್ಕಿದೆ ಅನ್ನಿಸಿತ್ತು.

ಅವನು ಮಾತಾಡದೆ ಡಿಕ್ಕಿ ಎತ್ತಿದ.
ಒಳಗೆ ಕತ್ತರಿಸಿದ ಜೀನ್ಸಿನ ಹನ್ನೆರಡು ಗಂಟು,
ಜಿಪ್ಪಿನ ಚೀಲ, ತಾಮ್ರದ ಗುಂಡಿಗಳ ಡಬ್ಬ,
ಎಲ್ಲದರಡಿ ಸ್ಟೆಪ್ನಿ.
‘ಇವನ್ನೆಲ್ಲ ಎಲ್ಲಿಡ್ತೀ ಅಕ್ಕ, ನೆತ್ತಿ ಮ್ಯಾಲಾ?’
ಆಮೇಲೆ ಕೇಳಿದ: ‘ಕಾರೊಳಗೆ ಏನು ಕೇಳ್ತೀ?’

ಏನು ಕೇಳುತ್ತೇನೆ ನಾನು?
ಬೆಳಗಿನಿಂದ ಸಂಜೆ ತನಕ ನಲವತ್ತು ಮಷೀನು,
ಎಲ್ಲ ಮೇಲಿನ ಸದ್ದೇ, ಸೂಜಿಯ ಸದ್ದು,
ಕಿವಿಯ ಅಂಚಿಗೇ ಹೊಲಿಗೆ ಹಾಕುವಂಥದ್ದು.
ಕೆಳಗಿನ ಸದ್ದು ಎಲ್ಲೋ ಹೋಗಿಬಿಟ್ಟಿದೆ.
ಅದಿರು ಲಾರಿಗಳ ಕಾಲದಲ್ಲಿ ಇತ್ತು ಅದು.
ರಾತ್ರಿ ಎರಡಕ್ಕೆ ಹೊಸಪೇಟೆ ರಸ್ತೆ ಗುಡುಗಿದರೆ
ಹಲಗೆಯ ಮೇಲೆ ಸ್ಟೀಲು ತಟ್ಟೆಗಳು
ಒಂದರ ಕಿವಿಯಲ್ಲೊಂದು ಪಿಸುಗುಡುತ್ತಿದ್ದವು.
ಅವ್ವ ಮಲಗಿದಲ್ಲಿಂದಲೇ ಹೇಳುತ್ತಿದ್ದಳು:
‘ಇದು ನಿಮ್ಮಪ್ಪಂದಲ್ಲ. ಇದೂ ಅಲ್ಲ.
ಹಾಂ, ಇದು. ಎದ್ದು ನೀರಿಡು.’
ಕಿವಿಗೆ ಕೇಳಿದ್ದಲ್ಲ ಅದು,
ಚಾಪೆಗೆ ಕೇಳಿದ್ದು.

ಇದನ್ನೆಲ್ಲ ಶೇಕ್ಷಾವಲಿಗೆ ಹೇಳಲಿಲ್ಲ.
‘ಹಳೇ ಹಾಡು’ ಅಂದೆ.

ಹನ್ನೆರಡರದನ್ನು ಬಾರಿಸಿ ತೋರಿಸಿದ.
ಎದುರಿನ ಒಗ್ಗರಣಿ-ಮಿರ್ಚಿ ಅಂಗಡಿಯ ಗಾಜು ನಡುಗಿತು,
ಬಾಣಲೆಯ ಮುಂದಿನವಳು ಜರಡಿ ಎತ್ತಿ ಬೈದಳು.
‘ಇದಕ್ಕೆ ಬೆನ್ನಹಿಂದೆ ಗಾಳಿ ಬೇಕು, ಅಕ್ಕ.
ಸಣ್ಣ ಡಬ್ಬಿಯೊಳಗೆ ತುರುಕಿದ್ರೆ ಏದುಸಿರು ಬಿಡ್ತೈತೆ,
ಎಲ್ಲ ಹಾಡಿಗೂ ಒಂದೇ ಮಾತು, ಗುಂಯ್ ಅಂತ.’

ಅರ್ಥವಾಯಿತು. ಕೊರಳಲ್ಲೇ ಇತ್ತಲ್ಲ ಟೇಪು.
ಮೂವತ್ತೆರಡರ ಸೊಂಟ ಹೊತ್ತು ಬಂದವರು
ಮೂವತ್ತು ಕೊಡಿ ಅನ್ನುತ್ತಾರೆ, ಜೊತೆಗೆ ಗೆಳೆಯರಿದ್ದರೆ.
ನಿಂತಾಗ ಎಲ್ಲ ಸರಿ. ಕೂತಾಗ ಹೊಲಿಗೆ ಬಾಯಿಬಿಡುತ್ತದೆ.
ಅಳತೆಯೆಂದರೆ ಬಟ್ಟೆಯದಲ್ಲ, ಮೈಯದೂ ಅಲ್ಲ,
ಎರಡರ ನಡುವಿನ ಜಾಗದ್ದು.
‘ಉಸಿರಿಗೊಂದಿಂಚು ಬಿಡೇ’ ಅಂತ
ಕಟಿಂಗ್ ಕಲಿಸಿದ ಪರುಶಪ್ಪ ಮಾಸ್ತರು
ದಿನಾ ಬೈದದ್ದು ಅದಕ್ಕೇ.

ಟೇಪು ಬಿಚ್ಚಿ ನಾನೇ ಬಗ್ಗಿದೆ.
ಚಕ್ರದ ಗೂಡಿನ ಉಬ್ಬು ಕಳೆದು, ಸೀಟಿನ ಓರೆ ಕಳೆದು
ಅವನು ಲೀಟರಿನಲ್ಲಿ ಗುಣಿಸಿದ, ನಾನು ಇಂಚಿನಲ್ಲಿ.
ಇಬ್ಬರೂ ಬಂದು ನಿಂತದ್ದು ಹತ್ತಕ್ಕೆ.
ಮುಚ್ಚಿದ ಪೆಟ್ಟಿಗೆ. ಎರಡು ಗಂಟು ಹಿಂದಿನ ಸೀಟಿಗೆ.

‘ಡಬ್ಬದ ಮ್ಯಾಲೆ ಎರಡು ಸಾವಿರ ವ್ಯಾಟು ಅಂತ ಐತಲ್ಲೋ?’
‘ನೀನು ಪ್ಯಾಂಟಿಗೆ ಫಾರಿನ್ ಲೇಬಲ್ ಹೊಲೀತೀಯಲ್ಲ,
ಅದೂ ಹಂಗೇ.’
ಇಬ್ಬರೂ ನಕ್ಕೆವು, ನೂರು ರೂಪಾಯಿ ಕಡಿಮೆ ಮಾಡಿದ.

ಕೋಟೆಗುಡ್ಡದ ಬುಡ ಸುತ್ತಿಕೊಂಡು ಬಂದೆ.
ಗಂಟುಗಳು ಅರ್ಧ ಸದ್ದು ಕುಡಿದವು,
ಉಳಿದರ್ಧ ಬೆನ್ನುಮೂಳೆ ಹಿಡಿದು ಮೇಲೆ ಹತ್ತಿತು.
ಬಾಗಿಲ ಮುಂದೆ ಎಂಜಿನ್ ನಿಲ್ಲಿಸಿ ಹಾಡು ಬಿಟ್ಟು
ಒಳಗೆ ಹೋಗಿ ನೋಡಿದರೆ
ಹಲಗೆಯ ಮೇಲೆ ಒಂದು ತಟ್ಟೆಯೂ ಮಿಸುಕಿಲ್ಲ;
ಸಾಸಿವೆ ಡಬ್ಬಿಯ ಮುಚ್ಚಳ ಮಾತ್ರ
ಟಿಕ್, ಟಿಕ್ ಅನ್ನುತ್ತಿದೆ.

ಅವ್ವ ಕೇಳಿದಳು: ‘ಯಾರ ಲಾರಿನೇ?’
‘ನಂದು.’
ಸ್ವಲ್ಪ ಹೊತ್ತು ನೆಲಕ್ಕೆ ಅಂಗೈಯಿಟ್ಟು ಕೂತಿದ್ದು
‘ಲೋಡಿಲ್ಲ’ ಅಂದಳು. ‘ಖಾಲಿ ಬಂದೈತೆ.’

ಬೆಳಿಗ್ಗೆ ನಂಬರ್ ಪ್ಲೇಟು ಗಿರಗುಟ್ಟಿತು.
ಹದಿನಾಲ್ಕು ಔನ್ಸಿನ ಜೀನ್ಸಿನ ಚೂರೊಂದು
ನಾಲ್ಕು ಮಡಿಕೆ ಮಾಡಿ ಸಂದಿಗಿಟ್ಟೆ.
ಸುಮ್ಮನಾಯಿತು.